ಅವರ ಕುರ್ಚಿ ಖಾಲಿ ಇದೆ

ಇಪ್ಪತ್ತನೆಯ ವಯಸ್ಸಿಗೆ ನಾನು ಏಳು ಜನರನ್ನು ಕೊಂದಿದ್ದೆ. ಅದಕ್ಕೆ ಒಂದು ಪೆನ್ನು ಸಾಕಾಯಿತು. ಹೆಂಡತಿಗೂ ಇದನ್ನು ಹೇಳಿದವನಲ್ಲ. ಎಂಬತ್ತು ದಾಟಿದ ಮೇಲೆ ಈಗ ಹೇಳುತ್ತಿದ್ದೇನೆ ಎಂದರೆ ಪುಣ್ಯ ಬರಲಿ ಎಂಬ ಆಸೆಯೇನಿಲ್ಲ, ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಕಾಗಿದೆ.

ಓಹಾಯೋದ ಒಂದು ಸಣ್ಣ ಕಾಲೇಜು. ಮೂರು ಗ್ರೀಕ್ ಅಕ್ಷರಗಳ ಹೆಸರಿನ ನಮ್ಮ ಸೋದರ ಸಂಘದ ಮನೆಯಲ್ಲಿ ಮೂವತ್ತೆಂಟು ಹುಡುಗರು ಒಟ್ಟಿಗೆ ಉಂಡು, ಮಲಗಿ, ಜಗಳವಾಡಿ ಬೆಳೆಯುತ್ತಿದ್ದೆವು. ದೇಶದ ಉದ್ದಗಲಕ್ಕೆ ಸಂಘಕ್ಕೆ ಅರವತ್ತೆರಡು ಶಾಖೆಗಳಿದ್ದವು. ಒಮ್ಮೆ ಸೋದರನಾದವನು ಉಸಿರಿರುವ ತನಕ ಸೋದರ ಎಂದು ಮೇಣದ ಬತ್ತಿಯ ಮುಂದೆ ಪ್ರಮಾಣ ಮಾಡಿಸುತ್ತಿದ್ದರು. ಆ ಮಾತಿಗೆ ಆಧಾರವಾಗಿ ಪ್ರತಿ ಶಾಖೆಯಲ್ಲೂ ಒಂದು ದಪ್ಪ ಹಸಿರು ಪುಸ್ತಕವಿತ್ತು. ಓದು ಮುಗಿಸಿ ಹೋದ, ಮುಗಿಸದೆ ಹೋದ ಎಲ್ಲ ಹಳೆಯ ಸೋದರರ ಹೆಸರು, ವಿಳಾಸ ಅದರಲ್ಲಿ ಇರಬೇಕು. ೧೯೫೭ರಲ್ಲಿ ನಮ್ಮ ಶಾಖೆಯ ಪುಸ್ತಕ ಇದ್ದದ್ದು ಕಾರ್ಯದರ್ಶಿ ಲೈಲ್ ಹೆನ್ನಿಂಗ್ ಕೈಯಲ್ಲಿ. ಅದೇ ನಾನು.

ಎರಡು ವರ್ಷಕ್ಕೊಮ್ಮೆ ನಡೆಯುವ ರಾಷ್ಟ್ರೀಯ ಅಧಿವೇಶನದಲ್ಲಿ, ಒಬ್ಬ ಸೋದರನನ್ನೂ ಕಳೆದುಕೊಳ್ಳದ ಶಾಖೆಗೆ ಒಂದು ಬೆಳ್ಳಿಯ ಬಟ್ಟಲು ಕೊಡುತ್ತಿದ್ದರು. ನಿಯಮ ಸರಳ. ಪ್ರತಿ ಹೆಸರಿನ ಮುಂದೆ ಆ ಎರಡು ವರ್ಷದಲ್ಲಿ ಖಚಿತಪಡಿಸಿಕೊಂಡ ವಿಳಾಸ ಇರಬೇಕು, ಇಲ್ಲವೇ 'ತೀರಿಕೊಂಡರು' ಎಂದಿರಬೇಕು. 'ಗೊತ್ತಿಲ್ಲ' ಎಂದು ಬರೆದರೆ ಅಂಕ ಹೋಯಿತು. ನಮ್ಮ ಶಾಖೆಗೆ ಬಟ್ಟಲು ಬಂದು ಮೂವತ್ತು ವರ್ಷವಾಗಿತ್ತು. ತಂದೇ ತರುತ್ತೇನೆ ಎಂದು ನಾನು ಊಟದ ಮೇಜಿನ ಮೇಲೆ ಹತ್ತಿ ನಿಂತು ಕೊಚ್ಚಿಕೊಂಡಿದ್ದೆ.

ಹಳೆಯ ವಿಳಾಸ ಬಿಟ್ಟರೆ ಬೇರೆ ಸುದ್ದಿ ಇಲ್ಲದವರು ಮೂವತ್ತು ಜನ ಉಳಿದಿದ್ದರು. ಅಂಚೆ ಕಾರ್ಡು ತಂದು ಬರೆಯತೊಡಗಿದೆ. ಇಪ್ಪತ್ತಮೂರು ಬರೆದೆ, ಒಂದಲ್ಲ ಒಂದು ರೀತಿಯ ಉತ್ತರ ಬಂತು. ಅಷ್ಟರಲ್ಲಿ ವಸಂತ ಬಂತು, ನೃತ್ಯದ ಸಂಜೆಗಳು ಬಂದವು, ಕೈ ನೋಯುತ್ತಿತ್ತು. ಉಳಿದ ಏಳು ಜನ ೧೯೧೦ರ ಆಚೀಚಿನವರು. ಆ ಕಾಲದವರು ಯಾರು ಉಳಿದಿರುತ್ತಾರೆ ಎಂದುಕೊಂಡು ಏಳು ಹೆಸರಿನ ಮುಂದೂ 'ತೀರಿಕೊಂಡರು, ೧೯೫೬' ಎಂದು ಬರೆದು ಪುಸ್ತಕ ಮುಚ್ಚಿದೆ. ಕೂಡಿ ಕಳೆದು ನೋಡಿದ್ದರೆ ಅವರಿಗೆಲ್ಲ ಅರವತ್ತೇಳು, ಅರವತ್ತೆಂಟು. ನನ್ನ ತಾತ ಎಪ್ಪತ್ತನಾಲ್ಕರಲ್ಲಿ ಸೌದೆ ಒಡೆಯುತ್ತಿದ್ದ.

ಸತ್ತವರ ಪಟ್ಟಿಗೂ ಸಂಘದಲ್ಲಿ ಒಂದು ಕೆಲಸವಿದೆ ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಆ ಸಲದ ಅಧಿವೇಶನ ವಿಸ್ಕಾನ್ಸಿನ್‌ನ ಉತ್ತರಕ್ಕೆ ಒಂದು ಸರೋವರದ ದಡದ ಹೋಟೆಲಿನಲ್ಲಿ, ಆಗಸ್ಟ್ ಕೊನೆಯ ವಾರ. ನಮ್ಮ ಶಾಖೆಯಿಂದ ನಾನು ಮತ್ತು ಅಧ್ಯಕ್ಷ ಗಸ್ ಹ್ಯಾವರ್ಟಿ ಹೋಗಿದ್ದೆವು. ಶುಕ್ರವಾರ ಬೆಳಿಗ್ಗೆ ಹೆಸರು ನೋಂದಾಯಿಸುವ ಮೇಜು ನಮ್ಮ ಪಾಲಿಗೆ ಬಂದಿತ್ತು. ಬಂದವರಿಗೆ ಅಚ್ಚು ಹಾಕಿಸಿದ ಹೆಸರಿನ ಬಿಲ್ಲೆ ಕೊಡುವುದು, ಊಟದ ಚೀಟಿ ಕೊಡುವುದು, ಕೈ ಕುಲುಕುವುದು.

ಹತ್ತು ಗಂಟೆಯ ಹೊತ್ತಿಗೆ ಒಬ್ಬ ಮುದುಕರು ಬಂದರು. ಆ ಸೆಕೆಯಲ್ಲೂ ಕಂದು ಬಣ್ಣದ ಉಣ್ಣೆ ಸೂಟು, ಕೈಯಲ್ಲಿ ರಟ್ಟಿನ ಪೆಟ್ಟಿಗೆ. ಎದೆಯ ಮೇಲೆ ಸಂಘದ ಪಿನ್ನು, ಚಿತ್ರದಲ್ಲಷ್ಟೇ ನಾವು ನೋಡಿದ್ದ ಹಳೆಯ ದೊಡ್ಡ ಮಾದರಿಯದು.

"ನನ್ ಹೆಸರು ನಿಮ್ ಪಟ್ಟೀಲಿ ಇರಲ್ಲ ಬಿಡ್ರಪ್ಪಾ," ಎಂದರು. "ಯಾರೂ ಕರೀಲಿಲ್ಲ. ಪೇಪರ್‌ನಲ್ಲಿ ನೋಡ್ದೆ. ಇಲ್ಲೇ ನಲವತ್ತು ಮೈಲಿ ಅಲ್ವಾ, ಬಸ್ ಹತ್ತಿ ಬಂದ್ಬಿಟ್ಟೆ. ಹನ್ನೆರಡನೇ ಇಸ್ವಿ ತಂಡ. ಪೂರ್ತಿ ಓದ್ಲಿಲ್ಲ, ಅಪ್ಪ ತೀರ್ಕೊಂಡ್ರು ಅಂತ ನಡುವೇಲೇ ಊರಿಗೆ ಹೋದೆ. ಓದು ಮುಗಿಸ್ದೇ ಹೋದೋನು ಬರ್ಬಹುದು ತಾನೆ?"

"ಧಾರಾಳವಾಗಿ ಬರ್ಬಹುದು ಸರ್," ಎಂದ ಗಸ್. "ಯಾವ ಶಾಖೆ?"

ನಮ್ಮದೇ ಶಾಖೆಯ ಹೆಸರು ಹೇಳಿದರು. "ಓರಿನ್ ಟ್ರೆಸ್ಲರ್. ಮತ್ತೆ ಸರ್ ಅಂತೀಯಲ್ಲೋ, ಸೋದರ ಅನ್ಬೇಕು. ನಮ್ ಕಾಲ್ದಲ್ಲಿ ಹಾಗನ್ಲಿಲ್ಲಾಂದ್ರೆ ಒಂದು ವಾರ ಪಾತ್ರೆ ತೊಳೆಸೋರು."

ಖಾಲಿ ಬಿಲ್ಲೆಯ ಮೇಲೆ ಹೆಸರು ಬರೆಯಲು ನಾನು ಪೆನ್ನು ಹಿಡಿದಿದ್ದೆ. ಅದೇ ಪೆನ್ನು. ಏಳು ಜನರಲ್ಲಿ ಕೊನೆಯ ಹೆಸರು ಟ್ರೆಸ್ಲರ್. ಬೆರಳು ಅಲ್ಲೇ ನಿಂತುಹೋಯಿತು.

"ಎರಡು 'ಎಸ್' ಮರಿ," ಎಂದರು ಅವರು, ನನಗೆ ಕಾಗುಣಿತ ಬರುವುದಿಲ್ಲ ಎಂದುಕೊಂಡು.

ಬರೆದು ಕೊಟ್ಟೆ. ಬಿಲ್ಲೆ ಚುಚ್ಚಿಕೊಂಡರು, ಆದರೆ ಮೇಜು ಬಿಟ್ಟು ಹೋಗಲಿಲ್ಲ. ಟೊಪ್ಪಿಗೆಯ ಅಂಚನ್ನು ಕೈಯಲ್ಲಿ ತಿರುಗಿಸುತ್ತಾ ನಿಂತರು.

"ಬರ್ಟ್ ಕೋಲ್ಬಿ ಅಂತ. ನನ್ ಕೋಣೆಯವ್ನು. ಬಂದಿದ್ದಾನಾ? ಇಲ್ಲಾ ಏನಾದ್ರೂ ಸುದ್ದಿ ಉಂಟಾ ಅವಂದು?"

ಕೋಲ್ಬಿ ಕೂಡ ಆ ಏಳರಲ್ಲಿ ಒಬ್ಬ.

ಆಗಲೇ ಬಾಯಿ ಬಿಟ್ಟಿದ್ದರೆ ಮುಗಿದಿತ್ತು. ಗೊತ್ತಿಲ್ಲ ಎಂದಿದ್ದರೂ ಸಾಕಿತ್ತು. ಆದರೆ ಪುಸ್ತಕದಲ್ಲಿ 'ಗೊತ್ತಿಲ್ಲ' ಎಂಬವರು ಯಾರೂ ಇರಲಿಲ್ಲವಲ್ಲ, ಅದೇ ತಾನೆ ನನ್ನ ಹೆಗ್ಗಳಿಕೆ. ಪಕ್ಕದಲ್ಲೇ ಬೇರೆ ಶಾಖೆಯವರು ಸಾಲು ನಿಂತಿದ್ದರು.

"ಅವ್ರು ತೀರ್ಕೊಂಡ್ರು, ಸೋದರ ಟ್ರೆಸ್ಲರ್. ಹೋದ ವರ್ಷ."

ಅವರು ಮೇಜಿನ ಅಂಚು ಹಿಡಿದುಕೊಂಡರು. "ಏನಾಗಿತ್ತಂತೆ?"

"ಗೊತ್ತಿಲ್ಲ." ಅಷ್ಟು ಮಾತ್ರ ನಿಜ ಹೇಳಿದೆ.

"ನಾನು ಊರಿಗೆ ಹೊರಟಾಗ ಸ್ಟೇಷನ್‌ವರೆಗೂ ಬಂದು ಅವನ ಕೋಟು ಬಿಚ್ಚಿ ನಂಗೆ ಹಾಕ್ದ," ಎಂದರು. "ನಾಲ್ಕು ಕಾಗದ ಬರೆದ. ಓದು ಬಿಟ್ಟೋನು ಅಂತ ನಂಗೇ ನಾಚಿಕೆ. ಒಂದಕ್ಕೂ ಉತ್ತರ ಬರೀಲಿಲ್ಲ. ಈಗ ಮುಖ ನೋಡಿಯೇ ಹೇಳೋಣ ಅಂತ ಬಂದೆ." ಆಮೇಲೆ ಹಿಂದಿನವರಿಗೆ ದಾರಿ ಬಿಟ್ಟು, "ತಡ ಮಾಡ್ದೆ," ಎಂದುಕೊಂಡು ಹೋದರು.

ಸಾಲು ಕರಗಿದ ಮೇಲೆ ಗಸ್ ನನ್ನ ಕಡೆ ತಿರುಗಿದ. "ಲೋ ಲೈಲ್. ಆ ಮನುಷ್ಯ ನಿನ್ ಸತ್ತೋರ ಪಟ್ಟೀಲಿದ್ದಾನೆ ತಾನೆ?"

"ಹೂಂ."

"ನಾಳೆ ಬೆಳಿಗ್ಗೆ ಸ್ಮರಣೆ ಸಭೇಲಿ ಹೆಸರು ಓದ್ತಾರಲ್ಲೋ!"

ಅಧಿವೇಶನದ ಎರಡನೆಯ ದಿನ, ಎರಡು ವರ್ಷದಲ್ಲಿ ತೀರಿಕೊಂಡ ಸೋದರರ ಹೆಸರುಗಳನ್ನು ಓದುವುದು ಸಂಪ್ರದಾಯ. ಹೆಸರು ಕರೆದಾಗ ಆ ಶಾಖೆಯ ಕಾರ್ಯದರ್ಶಿ ಎದ್ದು, ಎಲ್ಲರಿಗೂ ಕೇಳುವ ಹಾಗೆ "ಅವರ ಕುರ್ಚಿ ಖಾಲಿ ಇದೆ" ಎನ್ನಬೇಕು. ಎಂದು, ಒಂದು ಬಿಳಿ ಹೂವನ್ನು ಬೋಗುಣಿಗೆ ಹಾಕಬೇಕು.

"ಲ್ಯಾಥ್ರಪ್ ಹತ್ರ ಹೋಗಿ ಹೆಸರು ತೆಗೆಸು," ಎಂದ ಗಸ್. ಲ್ಯಾಥ್ರಪ್ ಎಂದರೆ ಸಂಘದ ರಾಷ್ಟ್ರೀಯ ಕಾರ್ಯದರ್ಶಿ.

"ಒಂದು ಹೆಸರು ಎಳೆದ್ರೆ ಏಳೂ ಬರುತ್ತೆ. ಬಟ್ಟಲು ಹೋಗುತ್ತೆ."

ಗಸ್ ಉಗುರು ಕಚ್ಚಿದ. ಬಟ್ಟಲು ಅವನಿಗೂ ಬೇಕಿತ್ತು. "ಎಲ್ಲಾ ಶಾಖೆಯೋರೂ ಇಂಥದ್ದು ಮಾಡ್ತಾರೆ ಬಿಡು. ಆದ್ರೆ ಅವ್ರ ಹೆಣಗಳು ಬಸ್ ಹತ್ತಿ ಬರಲ್ಲ, ಅಷ್ಟೇ. ನಾಳೆ ಆ ಹೊತ್ತಿಗೆ ಮುದುಕನ್ನ ಎಲ್ಲಾದ್ರೂ ಸಾಗಹಾಕು."

ಆದರೂ ನಾನು ಲ್ಯಾಥ್ರಪ್ ಬಳಿ ಹೋದೆ. ಹೋಗಲಿಲ್ಲ ಎನ್ನಬಾರದು. ಮಧ್ಯಾಹ್ನದ ವ್ಯವಹಾರ ಸಭೆ ನಡೆದಿತ್ತು. ಹೊಸಬರ ಪಿನ್ನಿನ ನೀಲಿ ಬಣ್ಣ ಗಾಢವಾಗಿರಬೇಕೋ ತಿಳಿಯಾಗಿರಬೇಕೋ ಎಂದು ನೂರ ಇಪ್ಪತ್ತು ಜನ ಎರಡು ಗಂಟೆ ಕಾಲ ತಿದ್ದುಪಡಿಯ ಮೇಲೆ ತಿದ್ದುಪಡಿ ತಂದರು. ಕೊನೆಗೆ ವಿಷಯವನ್ನು ಒಂದು ಸಮಿತಿಗೆ ಒಪ್ಪಿಸಿ ಎದ್ದರು. ಬಾಗಿಲಲ್ಲಿ ಲ್ಯಾಥ್ರಪ್ ನನ್ನ ಭುಜದ ಮೇಲೆ ಕೈ ಇಟ್ಟರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಸ್ಥಿತಿ ನನ್ನದು.

"ಹೆನ್ನಿಂಗ್ ಅಲ್ವೇನಯ್ಯಾ? ನಿನ್ ಪುಸ್ತಕ ನೋಡ್ದೆ. ಒಬ್ರೂ ತಪ್ಪಿಲ್ಲ! ಹೇಗೆ ಹುಡುಕ್ದೆ ಅವರನ್ನೆಲ್ಲ?"

"ಕಾರ್ಡು ಬರೆದೆ ಸರ್."

"ಭೇಷ್," ಎಂದರು. ನಾನು ಥ್ಯಾಂಕ್ಸ್ ಎಂದೆ. ಹೇಳಲು ಹೋದದ್ದನ್ನು ಹೇಳದೆ ಬಂದೆ.

ಆ ಸಂಜೆಯ ಊಟಕ್ಕೆ ಟ್ರೆಸ್ಲರ್ ನಮ್ಮ ಮೇಜಿಗೇ ಬಂದು ಕೂತರು. ಸರೋವರದ ಮೀನು, ಬೆಣ್ಣೆಯಲ್ಲಿ ಬೇಯಿಸಿದ ಮೆಕ್ಕೆಜೋಳದ ತೆನೆ. ಶಾಖೆಗೊಂದು ಹಾಡು ಹಾಡುತ್ತಾ ಚಮಚದಿಂದ ಮೇಜು ಕುಟ್ಟುವುದು ನಮ್ಮಲ್ಲಿ ವಾಡಿಕೆ. ನಮ್ಮ ಹಾಡು ಮುಗಿದಾಗ ಅವರು, "ಮೂರನೇ ಚರಣ ಎಲ್ಲೋಯ್ತ್ರೋ?" ಎಂದರು. ಮೂರನೆಯದೊಂದು ಇತ್ತೆಂದೇ ನಮಗೆ ತಿಳಿಯದು. ಎದ್ದು ನಿಂತು, ನಡುಗುವ ದನಿಯಲ್ಲಿ, ಒಬ್ಬರೇ ಹಾಡಿದರು. ಪಕ್ಕದ ಮೇಜುಗಳವರು ಸುಮ್ಮನಾಗಿ ಕೇಳಿದರು. ಮುಗಿದ ಮೇಲೆ ಚಮಚಗಳ ಸದ್ದಿಗೆ ಗಾಜಿನ ಲೋಟಗಳು ಕುಣಿದವು. ಒಬ್ಬ ಹುಡುಗ ಚರಣವನ್ನು ಕಾಗದದ ಕರವಸ್ತ್ರದ ಮೇಲೆ ಬರೆದುಕೊಂಡ.

"ಇದು ಬರ್ಟ್ ಕಟ್ಟಿದ್ದು," ಎಂದು ಅವರು ನನ್ನ ಕಿವಿಯಲ್ಲಿ ಹೇಳಿದರು. "ನಾಳೆ ಬೆಳಿಗ್ಗೆ ಏನಿದೆ ಮರಿ?"

"ಬರೀ ಪದಾಧಿಕಾರಿಗಳ ಸಭೆ. ನಿಮಗೆ ಬೇಜಾರು. ಬಂದೋರ ಮನೆ ಹೆಂಗಸರನ್ನ ಕರ್ಕೊಂಡು ದೋಣಿ ಹೋಗುತ್ತೆ, ದ್ವೀಪ ನೋಡ್ಕೊಂಡು ಬನ್ನಿ. ಚೀಟಿ ನಾನೇ ತಂದಿದೀನಿ."

"ಒಳ್ಳೇ ಹುಡುಗ ಕಣೋ ನೀನು," ಎಂದರು. ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು. ಅದು ಬಾಯಿ ಬಿಡಲಿಲ್ಲ, ನಾನು ಇನ್ನೊಂದು ತೆನೆ ತಿಂದೆ.

ಬೆಳಿಗ್ಗೆ ಅವರು ದೋಣಿ ಹತ್ತಿದ್ದನ್ನು ಕಣ್ಣಾರೆ ಕಂಡು ಬಂದೆ. ಸಭಾಂಗಣದಲ್ಲಿ ಕಿಟಕಿಯ ಪರದೆ ಎಳೆದಿದ್ದರು. ಮುಂದೆ ಬಿಳಿ ಬಟ್ಟೆ ಹೊದಿಸಿದ ಮೇಜು, ಗಾಜಿನ ಬೋಗುಣಿ. ನನ್ನ ಮಡಿಲಲ್ಲಿ ಹನ್ನೊಂದು ಹೂವು. ನಾಲ್ಕು ನಿಜವಾಗಿ ಸತ್ತವರಿಗೆ, ಏಳು ನನ್ನವರಿಗೆ. ಲ್ಯಾಥ್ರಪ್ ಓದಲು ಶುರು ಮಾಡಿದ ಮೇಲೆ ಹಿಂದಿನ ಬಾಗಿಲು ಕಿರುಗುಟ್ಟಿತು. ತಿರುಗಿ ನೋಡಿದೆ. ಕಂದು ಸೂಟು. ಪ್ಯಾಂಟಿನ ಅಂಚು ನೀರಲ್ಲಿ ತೊಯ್ದಿತ್ತು. ಅವರು ತುದಿಗಾಲಲ್ಲಿ ಬಂದು ನನ್ನ ಹಿಂದೆ ಎರಡು ಸಾಲು ಬಿಟ್ಟು ಕೂತರು. ಮುಂದಕ್ಕೆ ಬಾಗಿ ಪಿಸುಗುಟ್ಟಿದರು: "ದೋಣೀಲಿ ಯಾರೋ ಹೆಂಗಸು ಹೇಳಿದ್ಳು, ಇವತ್ತು ಸತ್ತೋರ ಹೆಸರು ಓದ್ತಾರಂತೆ ಅಂತ. ಹಗ್ಗ ಬಿಚ್ಚೋವಾಗ ಹಾರ್ಬಿಟ್ಟೆ. ಬರ್ಟ್‌ದು ಓದ್ತಾರಲ್ವಾ? ನಾನಿರ್ಬೇಕಲ್ಲ."

ನಾನು ಹೇಳಿದ ಸುಳ್ಳೇ ಅವರನ್ನು ಎಳೆದು ತಂದಿತ್ತು.

ನಮ್ಮ ಶಾಖೆಯ ಸರದಿ ಬಂತು. ಅಕ್ಷರ ಕ್ರಮದಲ್ಲಿ ಕೋಲ್ಬಿ ಎರಡನೆಯವನು. "ಬರ್ಟ್ರಮ್ ಕೋಲ್ಬಿ." ನಾನು ಎದ್ದು, "ಅವರ ಕುರ್ಚಿ ಖಾಲಿ ಇದೆ," ಎಂದೆ. ಇಡೀ ಸಭೆ ಕೂತಿತ್ತು, ಟ್ರೆಸ್ಲರ್ ಒಬ್ಬರೇ ಎದ್ದು ತಲೆ ಬಾಗಿಸಿ ನಿಂತರು. ಬೋಗುಣಿಗೆ ಹೂವು ಹಾಕಿ ಹಿಂತಿರುಗುವಾಗ ಅವರ ಕೆನ್ನೆ ಒದ್ದೆಯಾದದ್ದು ಕಂಡಿತು. ಅವರು ಕೂತರು. ಮತ್ತೆ ಎಂಟು ಹೆಸರು ಓದಿದರು. ಎಂಟು ಸಲ ಎದ್ದೆ, ಎಂಟು ಹೂವು.

"ಓರಿನ್ ಟ್ರೆಸ್ಲರ್."

ಒಂದು ಗಳಿಗೆ ನಾನು ಏಳಲಿಲ್ಲ. ಲ್ಯಾಥ್ರಪ್ ಕನ್ನಡಕದ ಮೇಲಿನಿಂದ ನೋಡಿದರು. ಪಟ್ಟಿಯನ್ನು ಇನ್ನೊಮ್ಮೆ ನೋಡಿ, "ಓರಿನ್ ಟ್ರೆಸ್ಲರ್," ಎಂದರು. ಗಸ್ ಮೊಣಕೈಯಿಂದ ತಿವಿದ. ಹಿಂದೆ ಎರಡು ಸಾಲಿನಾಚೆ ಒಬ್ಬ ಮನುಷ್ಯ ಉಸಿರಾಡುವುದು ನನಗೆ ಕೇಳುತ್ತಿತ್ತು. ಇಲ್ಲೇ ಇದ್ದಾರೆ, ತಪ್ಪು ನನ್ನದು, ಎಂದರೆ ಆಗಿಹೋಗುತ್ತಿತ್ತು. ಎಷ್ಟು ಚಿಕ್ಕ ಮಾತು.

ಎದ್ದೆ. "ಅವರ ಕುರ್ಚಿ ಖಾಲಿ ಇದೆ."

ಸಭೆ ಪದ್ಧತಿಯ ಪ್ರಕಾರ ತಲೆ ಬಾಗಿಸಿತು. ಹೂವು ಹಾಕಿ ತಿರುಗಿದಾಗ ಅವರ ಮುಖ ನೋಡಲೇಬೇಕಾಯಿತು. ಸಿಟ್ಟಿರಲಿಲ್ಲ. ಕೈಬರಹದ ಬಿಲ್ಲೆಯನ್ನು ಅಂಗೈಯಿಂದ ಮುಚ್ಚಿಕೊಂಡಿದ್ದರು. ಬೇರೆ ಯಾರೂ ಓದದಿರಲಿ ಎಂದು, ನನಗಾಗಿ. ಬೈದಿದ್ದರೆ ಇವತ್ತಿನವರೆಗೆ ಬದುಕುವುದು ಎಷ್ಟೋ ಸುಲಭವಾಗುತ್ತಿತ್ತು.

ಹೊರಗೆ ಹುಲ್ಲಿನ ಮೇಲೆ ಒಂದು ಬೆಂಚು. ಅವರು ನನಗಾಗಿಯೇ ಕಾಯುತ್ತಿದ್ದರು. ಪೆಟ್ಟಿಗೆ ಕಾಲ ಬಳಿ ಇತ್ತು.

"ನಾನು ಯಾವಾಗ ಸತ್ತೆ ಮರಿ?"

ಎಲ್ಲ ಹೇಳಿದೆ. ಬಟ್ಟಲು, ಕಾರ್ಡು, ನೋಯುವ ಕೈ. ಹೇಳುತ್ತಾ ಹೇಳುತ್ತಾ ಅತ್ತೆ. ಅವರು ತಡೆಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ.

"ನಿನ್ ಪುಸ್ತಕದಲ್ಲಿ ನನ್ ವಿಳಾಸ ಯಾವ್ದಿತ್ತು?"

ಬೀದಿಯ ಹೆಸರು ಹೇಳಿದೆ.

"ಮೂವತ್ತೆಂಟು ವರ್ಷದಿಂದ ಅದೇ ಮನೆ. ಒಂದು ಕಾರ್ಡು ಹಾಕಿದ್ರೆ ಮೂರು ದಿನಕ್ಕೆ ಉತ್ತರ ಬರ್ತಿತ್ತಲ್ಲೋ." ಆಮೇಲೆ ನನ್ನ ತೋಳು ಹಿಡಿದರು, ಗಟ್ಟಿಯಾಗಿ. "ನನ್ ವಿಷ್ಯ ಹಾಳಾಗ್ಲಿ. ಬರ್ಟ್? ಅವ್ನು ನಿಜವಾಗ್ಲೂ ಸತ್ತಿದ್ದಾನೋ, ನನ್ ಥರ ಸತ್ತಿದ್ದಾನೋ?"

"ಗೊತ್ತಿಲ್ಲ."

ಅವರ ಮುಖದಲ್ಲಿ ಬಂದ ಬೆಳಕನ್ನು ನಾನು ಮರೆತಿಲ್ಲ. ಗೊತ್ತಿಲ್ಲ ಎಂಬ ಮಾತಿಗೆ ಯಾರಾದರೂ ಅಷ್ಟು ಖುಷಿಪಟ್ಟದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

"ವಿಳಾಸ ಇದೆಯಾ?"

"ಪುಸ್ತಕದಲ್ಲಿದೆ. ಕಾಲೇಜಿನಲ್ಲಿ."

"ಹಾಗಾದ್ರೆ ಬರಿ. ಹೋದ ತಕ್ಷಣ ಬರಿ. ಇದ್ದಾನೆ ಅಂತ ಗೊತ್ತಾದ್ರೆ ನಂಗೊಂದು ಸಾಲು ಬರಿ, ಉಳಿದದ್ದು ನಾನು ನೋಡ್ಕೋತೀನಿ. ನಲವತ್ತೈದು ವರ್ಷ ನಾನು ತಡ ಮಾಡ್ದೆ, ನೀನು ಮಾಡ್ಬೇಡ." ಬಿಲ್ಲೆ ಬಿಚ್ಚಿ ಅದರ ಹಿಂದೆ ತಮ್ಮ ವಿಳಾಸ ಬರೆದು ಕೊಟ್ಟರು. ಪುಸ್ತಕದಲ್ಲಿದ್ದ ವಿಳಾಸವೇ.

"ಸೋದರ ಟ್ರೆಸ್ಲರ್, ಲ್ಯಾಥ್ರಪ್‌ಗೆ ಹೇಳ್ತೀನಿ. ಈಗಲೇ."

"ಅದು ನಿಂಗೆ ಬಿಟ್ಟಿದ್ದು," ಎಂದು ಪೆಟ್ಟಿಗೆ ಎತ್ತಿಕೊಂಡರು. "ಸತ್ತೋನು ರಾತ್ರಿ ಊಟಕ್ಕೆ ಕೂರೋದು ಚೆನ್ನಾಗಿರಲ್ಲ. ಹನ್ನೆರಡೂವರೆಗೆ ಬಸ್ಸಿದೆ."

ಲ್ಯಾಥ್ರಪ್‌ಗೆ ಹೇಳಲಿಲ್ಲ. ಮಧ್ಯಾಹ್ನ ಚೆಂಡಾಟವಿತ್ತು, ಗೆದ್ದೆವು. ಸಂಜೆಯ ಔತಣದಲ್ಲಿ ನಮ್ಮ ಶಾಖೆಯ ಹೆಸರು ಕೂಗಿದಾಗ ಗಸ್ ನನ್ನನ್ನು ಕುರ್ಚಿಯಿಂದ ಎತ್ತಿ ನಿಲ್ಲಿಸಿದ. ಬೆಳ್ಳಿಯ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಫೋಟೋಗೆ ನಿಂತೆ. ಹುಡುಗರೆಲ್ಲ ಸೇರಿ ನಮ್ಮ ಹಾಡನ್ನು ಹಾಡಿದರು, ಹಿಂದಿನ ಸಂಜೆ ಕಲಿತ ಮೂರನೆಯ ಚರಣವನ್ನೂ ಸೇರಿಸಿ. ಆ ಫೋಟೋದಲ್ಲಿ ನಾನು ನಗುತ್ತಿದ್ದೇನೆ. ನಾಚಿಕೆಗೆಟ್ಟವನಿಗೂ ಹಲ್ಲು ಚೆನ್ನಾಗಿರುತ್ತದೆ.

ವೇದಿಕೆಯಿಂದ ಇಳಿಯುವಾಗ ಲ್ಯಾಥ್ರಪ್ ಸಂಘದ ಮಾಸಪತ್ರಿಕೆಗೆ ಒಂದು ಲೇಖನ ಕೇಳಿದರು, 'ನಮ್ಮ ಸೋದರರನ್ನು ನಾವು ಹುಡುಕಿದ್ದು ಹೇಗೆ' ಎಂದು. ಕಾಲೇಜಿಗೆ ಮರಳಿದ ಮೇಲೆ ಕೋಲ್ಬಿಗೆ ಕಾರ್ಡು ಬರೆಯುವ ಮುಂಚೆ ನಾನು ಆ ಲೇಖನ ಬರೆದೆ. ಅದಕ್ಕೊಂದು ಗಡುವು ಇತ್ತು, ಕಾರ್ಡಿಗೆ ಇರಲಿಲ್ಲ. ಆಮೇಲೆ ತರಗತಿಗಳು, ಹೊಸಬರನ್ನು ಸೇರಿಸಿಕೊಳ್ಳುವ ಗದ್ದಲ. ನಿಜ ಹೇಳಬೇಕೆಂದರೆ ಭಯ. ಕೋಲ್ಬಿ ಬದುಕಿದ್ದರೆ ಪುಸ್ತಕ ತಿದ್ದಬೇಕು, ತಿದ್ದಿದರೆ ಯಾಕೆ ಎಂದು ಕೇಳುತ್ತಾರೆ. ಬಿಲ್ಲೆ ಮೇಜಿನ ಡ್ರಾಯರಿನಲ್ಲಿತ್ತು. ಪೆನ್ಸಿಲ್ ತೆಗೆಯುವಾಗಲೆಲ್ಲ ಕಾಣುತ್ತಿತ್ತು.

ಅಕ್ಟೋಬರ್ ಮೂರಕ್ಕೆ ಬರೆದೆ. ಎಂಟಕ್ಕೆ ಉತ್ತರ ಬಂತು. ಪುಸ್ತಕದಲ್ಲಿದ್ದ ವಿಳಾಸದಿಂದಲೇ, ದೊಡ್ಡ ದೊಡ್ಡ ಅಕ್ಷರದಲ್ಲಿ: "ಇದ್ದೇನಪ್ಪಾ, ಇದ್ದೇನೆ! ಮಂಡಿ ನೋವು ಬಿಟ್ಟರೆ ಸುಖ. ಇಷ್ಟು ವರ್ಷಕ್ಕೆ ಯಾರಾದರೂ ಕೇಳಿದಿರಲ್ಲ. ನಮ್ಮ ಓರಿನ್ ಟ್ರೆಸ್ಲರ್ ಸುದ್ದಿ ಏನಾದರೂ ಉಂಟೆ?"

ಕುಣಿದಾಡಿಬಿಟ್ಟೆ. ಆ ಕಾರ್ಡನ್ನೇ ಲಕೋಟೆಯಲ್ಲಿಟ್ಟು ಟ್ರೆಸ್ಲರ್‌ಗೆ ಕಳಿಸಿದೆ. ಓಡುತ್ತಾ ಹೋಗಿ ಅಂಚೆ ಪೆಟ್ಟಿಗೆಗೆ ಹಾಕಿದ್ದು ನೆನಪಿದೆ. ಒಂದು ವಾರಕ್ಕೆ ಲಕೋಟೆ ವಾಪಸು ಬಂತು, ಜೊತೆಗೆ ಪಕ್ಕದ ಮನೆಯ ಹೆಂಗಸಿನ ನಾಲ್ಕು ಸಾಲು. ಟ್ರೆಸ್ಲರ್ ಸೆಪ್ಟೆಂಬರ್ ಇಪ್ಪತ್ತೆರಡರಂದು ನಿದ್ದೆಯಲ್ಲೇ ಹೋದರು. ಹೋಗುವವರೆಗೂ ಪ್ರತಿದಿನ ಅಂಚೆಯವನನ್ನು ಗೇಟಿನ ಬಳಿ ನಿಂತು ಕಾಯುತ್ತಿದ್ದರು, ಯಾಕೆಂದು ನಿಮಗೆ ಗೊತ್ತಿರಬಹುದು, ಎಂದು ಬರೆದಿದ್ದಳು.

ಕೋಲ್ಬಿಗೆ ಈ ಸಲ ಅಂದೇ ಬರೆದೆ, ಒಂದನ್ನೂ ಮುಚ್ಚದೆ. ನಿಮ್ಮನ್ನು ನೋಡಲೆಂದು ಬಂದಿದ್ದರು, ನೀವು ಸತ್ತಿರಿ ಎಂದು ನಾನು ಹೇಳಿದೆ, ಆಮೇಲೆ ಬರೆಯುತ್ತೇನೆಂದು ಮಾತು ಕೊಟ್ಟು ಐದು ವಾರ ಬರೆಯಲಿಲ್ಲ. ಅದಕ್ಕೆ ಉತ್ತರ ಬರಲಿಲ್ಲ. ಲ್ಯಾಥ್ರಪ್‌ಗೂ ಬರೆದು ಬಟ್ಟಲನ್ನು ಹಿಂದಕ್ಕೆ ಕಳಿಸಿದೆ. ಗಸ್ ಓದು ಮುಗಿಯುವವರೆಗೂ ನನ್ನ ಜೊತೆ ಮಾತು ಬಿಟ್ಟ.

ಹಸಿರು ಪುಸ್ತಕ ತಿದ್ದಲು ಕೂತೆ. ಬಾಕಿ ಐವರಿಗೂ ಕಾರ್ಡು ಹಾಕಿದ್ದೆ, ಅವರಲ್ಲಿ ಇಬ್ಬರು ಬದುಕಿದ್ದರು. ಅವರ ಮತ್ತು ಕೋಲ್ಬಿಯ ಹೆಸರಿನ ಮುಂದಿನ ಸಾಲು ಹೊಡೆದು ಹಾಕಿದೆ. ಟ್ರೆಸ್ಲರ್ ಹೆಸರಿಗೆ ಬಂದಾಗ 'ತೀರಿಕೊಂಡರು' ಎಂದಿತ್ತು. ವರ್ಷ ಒಂದನ್ನು ಬಿಟ್ಟರೆ ತಿದ್ದುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಒಮ್ಮೆ ಓದಿದ ಹೆಸರನ್ನು ಸಂಘ ಎರಡನೆಯ ಸಲ ಓದುವುದಿಲ್ಲ. ಮುಂದಿನ ಅಧಿವೇಶನಕ್ಕೆ ನನ್ನ ಖರ್ಚಿನಲ್ಲಿ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ನಮ್ಮ ಶಾಖೆಯ ಹೆಸರುಗಳು ಬಂದವು, ಹೋದವು. ಓರಿನ್ ಟ್ರೆಸ್ಲರ್ ಸಾವಿಗೆ ಸೋದರರು ತಲೆ ಬಾಗಿಸಿದ್ದು ಒಂದೇ ಸಲ. ಆಗ ಅವರು ನನ್ನ ಹಿಂದೆ ಎರಡು ಸಾಲು ಬಿಟ್ಟು ಕೂತಿದ್ದರು.